ಎಟಿಆರ್ ವಿಮಾನದ ಬಾಲದ ಕೆಳಗೆ ಕೋಲು ಯಾಕೆ?

ಕಟಪಾಡಿಯವಳು:
ಮೊನ್ನೆ ಬೆಂಗಳೂರಿನಿಂದ ಮಂಗಳೂರಿಗೆ ಎಟಿಆರ್‌ನಲ್ಲಿ (ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಸಣ್ಣ ವಿಮಾನ) ಬಂದೆವು. ಇಳಿದು ತಿರುಗಿ ನೋಡಿದರೆ ಬಾಲದ ಅಡಿಗೆ ಒಂದು ಕೋಲು ಕೊಟ್ಟು ನಿಲ್ಲಿಸಿದ್ದಾರೆ! ಗೊನೆ ಬಿಟ್ಟ ಬಾಳೆಗೆ ಆಧಾರ ಕೊಡ್ತೇವಲ್ಲ, ಥೇಟ್ ಹಾಗೆ. ಮಗ "ಅಮ್ಮಾ, ವಿಮಾನ ಬೀಳ್ತದಾ?" ಅಂತ ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಿ.

ಸುರತ್ಕಲ್ ಹುಡುಗ:
ಗಾಳಿಗೆ ಇರಬೇಕು ಅಕ್ಕ. ನಮ್ಮ ಬಜ್ಪೆ ವಿಮಾನ ನಿಲ್ದಾಣ ಗುಡ್ಡದ ಮೇಲಲ್ವಾ.

ಕಿನ್ನಿಗೋಳಿ ಮಾಮ:
ಗಾಳಿಗೆ ಅಲ್ಲ ಮಾರಾಯಾ. ನಾನು ಹನ್ನೊಂದು ವರ್ಷ ಗಲ್ಫ್‌ನಲ್ಲಿ ವಿಮಾನಕ್ಕೆ ಲೋಡಿಂಗ್ ಮಾಡಿದವ. ಈಗ ಅಡಿಕೆ ತೋಟ ನೋಡಿಕೊಂಡಿದ್ದೇನೆ.

ಬಂದರಿನಲ್ಲಿ ಎರಡು ಚಕ್ರದ ಕೈಗಾಡಿ ನೋಡಿದ್ದೀರಲ್ಲ. ಹಿಂದೆ ಮೂಟೆ ಜಾಸ್ತಿ ಹೇರಿದರೆ ಹಿಡಿ ಮೇಲೆ ಹೋಗಿ, ಎಳೆಯುವವನೇ ನೇತಾಡ್ತಾನೆ. ವಿಮಾನದ್ದೂ ಅದೇ ಕಥೆ. ಹೆಚ್ಚಿನ ಭಾರ ರೆಕ್ಕೆಯ ಹತ್ತಿರದ ದೊಡ್ಡ ಚಕ್ರಗಳ ಮೇಲೆ. ಮೂಗಿನ ಕೆಳಗಿನ ನೋಸ್ ವೀಲ್‌ಗೆ ಬರುವುದು ಸ್ವಲ್ಪ. ಒಟ್ಟು ಭಾರದ ನಡು ದೊಡ್ಡ ಚಕ್ರಗಳಿಗಿಂತ ಮುಂದೆಯೇ ಇರಬೇಕು. ಹಿಂದಕ್ಕೆ ದಾಟಿದರೆ ಬಾಲ ನೆಲಕ್ಕೆ.

ಎಟಿಆರ್‌ನಲ್ಲಿ ನೀವು ಹತ್ತುವ ಬಾಗಿಲು ಹಿಂದೆ, ಲಗೇಜಿನ ದೊಡ್ಡ ಬಾಗಿಲು ಮುಂದೆ. ಮುಂದೆ ಲಗೇಜ್ ಖಾಲಿ, ಹಿಂದೆ ಜನ ಚೀಲ ಹಿಡಿದು ಸಾಲು ನಿಂತಿದ್ದಾರೆ ಅಂತಿಟ್ಟುಕೊಳ್ಳಿ. ಅದಕ್ಕೇ ಆ ಕೋಲು. ಅದನ್ನು ಬಿಗಿಯಾಗಿ ತಾಗಿಸುವುದಿಲ್ಲ, ಸಣ್ಣ ಸಂದು ಬಿಡ್ತಾರೆ. ಜನ, ಇಂಧನ ತುಂಬಿದ ಹಾಗೆ ವಿಮಾನ ಕೆಳಗೆ ಕೂರ್ತದೆ ನೋಡಿ.

ದೊಡ್ಡ ಪ್ಯಾಸೆಂಜರ್ ವಿಮಾನಗಳಿಗೆ ಹೆಚ್ಚಾಗಿ ಕೋಲು ಕೊಡುವುದಿಲ್ಲ. ಅಲ್ಲಿ ಕೆಲಸದ ಕ್ರಮ ತಪ್ಪಬಾರದು. ಇಳಿಸುವಾಗ ಹಿಂದಿನ ಹೋಲ್ಡ್ (ಲಗೇಜ್ ತುಂಬುವ ಜಾಗ) ಮೊದಲು, ತುಂಬುವಾಗ ಮುಂದಿನದು ಮೊದಲು.

ಒಂದು ರಾತ್ರಿ ಒಂದು ಬೋಯಿಂಗ್ 737 ವಿಮಾನ ಬಂತು. ಹಿಂದಿನ ಹೋಲ್ಡಿಗೆ ಇಟ್ಟ ಬೆಲ್ಟ್ ಲೋಡರ್ (ಚೀಲ ಸಾಗಿಸುವ ಬೆಲ್ಟ್ ಇರುವ ಗಾಡಿ) ಕೆಟ್ಟಿತು. ನಮ್ಮ ಸೂಪರ್‌ವೈಸರ್ "ಸುಮ್ನೆ ಯಾಕೆ ಕಾಯುವುದು" ಅಂತ ಮುಂದಿನದನ್ನೇ ಖಾಲಿ ಮಾಡಿಸಿದ. ಮುಂದಿನ ಸೀಟಿನವರು ಆಗಲೇ ಇಳಿದಾಗಿತ್ತು. ನಾನು ನೋಸ್ ವೀಲ್ ಹತ್ತಿರ ನಿಂತಿದ್ದೆ. ಆ ಕಾಲಿನಲ್ಲಿ ಕನ್ನಡಿ ಹಾಗೆ ಹೊಳೆಯುವ ಉಕ್ಕಿನ ಭಾಗ ಉಂಟು. ಕ್ರೋಮ್ ಅಂತಿದ್ದೆವು. ಮಾಮೂಲಿ ನಾಲ್ಕು ಬೆರಳು ಕಾಣುವುದು ಅವತ್ತು ಒಂದು ಗೇಣು ಕಂಡಿತು. ನೋಡ್ತಾ ಇದ್ದ ಹಾಗೆ ಇನ್ನೂ ಉದ್ದ ಆಯ್ತು. ಮೂಗು ಮೇಲೆ ಏಳ್ತಾ ಉಂಟು ಅಂತ ಎದೆ ಧಸಕ್ಕೆಂದಿತು.

ಕೂಗಿ ಕೆಲಸ ನಿಲ್ಲಿಸಿದೆ. ಬಾಲದ ಕೆಳಗಿದ್ದವರು ಓಡಿ ಆಚೆ ಹೋದರು. ಒಳಗೆ ಹಿಂದೆ ಗುಂಪಾಗಿ ನಿಂತವರನ್ನು ನಿಧಾನಕ್ಕೆ ಮುಂದೆ ಕರೆಸಿದರು. ನಾವು ಇಳಿಸಿದ್ದ ಅಷ್ಟೂ ಚೀಲಗಳನ್ನು ವಾಪಸ್ ಮುಂದಿನ ಹೋಲ್ಡಿಗೆ ಹಾಕಿದೆವು. ಬೆನ್ನು ಮುರಿಯಿತು, ಆದರೆ ಕ್ರೋಮ್ ಒಳಗೆ ಹೋಯಿತು. ಸೂಪರ್‌ವೈಸರ್ ಮಾರನೆ ದಿನ ನನಗೇ ಬೈದ, ಅಷ್ಟು ಜೋರಾಗಿ ಕೂಗಿದ್ದಕ್ಕೆ!

ಕಟಪಾಡಿಯವಳು:
ಅಬ್ಬಾ! ನಿಜವಾಗಿ ಬಾಲ ಊರಿದ್ದೂ ಉಂಟಾ?

ಕಿನ್ನಿಗೋಳಿ ಮಾಮ:
ಉಂಟು. 2023ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ ಏರ್‌ಬಸ್ ಎ321 ಒಂದು ಜನ ಇಳಿಯುತ್ತಿರುವಾಗಲೇ ಬಾಲ ಊರಿ ಮೂಗು ಎತ್ತಿತು. ರಷ್ಯಾದ ಹಳೆಯ ಐಎಲ್-62ಕ್ಕಂತೂ ನಾಲ್ಕೂ ಎಂಜಿನ್ ಬಾಲದಲ್ಲಿ. ಹಾಗಾಗಿ ನಿಂತ ಮೇಲೆ ಇಳಿಸಲಿಕ್ಕೆ ಹಿಂದೆ ಒಂದು ಪುಟ್ಟ ಕಾಲೇ ಇಟ್ಟುಬಿಟ್ಟಿದ್ದರು.

ಕದ್ರಿ ಅಜ್ಜ:
ಒಂದು ಮಾತು ಸೇರಿಸುತ್ತೇನೆ. 1951ರ ಡಿಸೆಂಬರ್ 25ರಂದು ನೆಹರೂ ಬಜ್ಪೆಗೆ ಬಂದಿಳಿದದ್ದು ಡಿಸಿ-3 ಡಕೋಟಾದಲ್ಲಿ. ಅದು ನಿಂತಾಗ ಕೂರುವುದೇ ಬಾಲದ ಮೇಲೆ, ಅಲ್ಲೊಂದು ಸಣ್ಣ ಚಕ್ರ. ನಮ್ಮ ವಿಮಾನ ನಿಲ್ದಾಣ ಶುರುವಾದದ್ದೇ ಬಾಲ ಊರಿ!

ಕಟಪಾಡಿಯವಳು:
ಹ್ಹಹ್ಹ, ಥ್ಯಾಂಕ್ಸ್ ಅಜ್ಜ. ಮಾಮ, ಎಟಿಆರ್‌ನಲ್ಲೂ ಆ ಕ್ರೋಮ್ ಕಾಣ್ತದಾ? ಮಗನಿಗೆ ತೋರಿಸಬೇಕಂತೆ.

ಕಿನ್ನಿಗೋಳಿ ಮಾಮ:
ಕಾಣ್ತದೆ. ಆದರೆ ನಿಮ್ಮನ್ನು ಹಿಂದಿನ ಬಾಗಿಲಿಗೇ ಕಳಿಸ್ತಾರಲ್ಲ, ದೂರದಿಂದ ಬಗ್ಗಿ ನೋಡಬೇಕು. ಇಳಿಯುವಾಗ ಮಾತ್ರ ಹಿಂದೆ ಗುಂಪು ಕಟ್ಟಬೇಡಿ.