ಕ್ಯಾಮೆರಾ ಕಂಡರೆ ಮಾಮಾ ಸೆಟೆದುಕೊಳ್ಳುತ್ತಾರೆ, ಏನು ಮಾಡಲಿ?

ಇಳಕಲ್_ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮ ಮಾಮಾ ಇಳಕಲ್‌ನಲ್ಲಿ ಗುಂಡಿ ಮಗ್ಗದ ಮೇಲೆ ಸೀರೆ ನೇಯುತ್ತಾರೆ. ಹೊಸ ಮನೆಯ ಹಾಲ್‌ಗೆ ಅವರದೊಂದು ದೊಡ್ಡ ಫೋಟೋ ಬೇಕು ಅಂತ ಅತ್ತೆಯ ಹಟ. ಮನುಷ್ಯ ಮಹಾ ಚೇಷ್ಟೆ. ಲಾಳಿ ಓಡಿಸುತ್ತಲೇ ಬಾಗಿಲ ಮುಂದೆ ಹೋಗುವವರ ಕಾಲೆಳೆಯುತ್ತಾರೆ. ಕ್ಯಾಮೆರಾ ಎತ್ತಿದೆನೋ, ರೇಷನ್ ಕಾರ್ಡ್ ಫೋಟೋದ ಹಾಗೆ ಆಗಿಬಿಡುತ್ತಾರೆ. ನನ್ನ ಹತ್ತಿರ ಹಳೆಯ ಕ್ಯಾನನ್ ಇದೆ, 18-55 ಮತ್ತು 50 ಎಂಎಂ ಲೆನ್ಸ್ ಇವೆ. ಕೋಣೆಗೆ ಒಂದೇ ಬಾಗಿಲು, ಮೇಲೊಂದು ಟ್ಯೂಬ್‌ಲೈಟ್. ಫ್ಲ್ಯಾಶ್ ತಗೊಳ್ಳಲಾ?

ಹಳೇ_ರೀಲು:
ಫ್ಲ್ಯಾಶ್ ಬೇಡ ತಮ್ಮಾ. ಆ ಟ್ಯೂಬ್‌ಲೈಟನ್ನೂ ಆರಿಸು. ಬಾಗಿಲ ಬೆಳಕಿನ ಬಣ್ಣ ಒಂದು, ಟ್ಯೂಬ್‌ದು ಇನ್ನೊಂದು. ಎರಡೂ ಬಿದ್ದರೆ ಒಂದು ಕೆನ್ನೆ ಹಸಿರು ಹೊಡೆಯುತ್ತದೆ. ಅದೂ ಅಲ್ಲದೆ ನೆತ್ತಿಯ ಮೇಲಿನ ದೀಪಕ್ಕೆ ಕಣ್ಣಿನ ಗುಳಿ ಕಪ್ಪಾಗುತ್ತದೆ. ಕಣ್ಣೇ ಕಾಣದಿದ್ದರೆ ಚೇಷ್ಟೆ ಎಲ್ಲಿ ಕಾಣಬೇಕು?

ಬಾಗಿಲು ಅವರ ಪಕ್ಕಕ್ಕಿದ್ದರೆ ನಿನ್ನ ಅದೃಷ್ಟ. ಮುಖ ಒಂಚೂರು ಆ ಕಡೆ ತಿರುಗಿದಾಗ ನೆರಳಿನ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಬೆಳಕಿನ ಸಣ್ಣ ತ್ರಿಕೋನ ಮೂಡುತ್ತದೆ. ಸ್ಟುಡಿಯೋದವರು ಇದಕ್ಕೆ ರೆಂಬ್ರಾಂಟ್ ಲೈಟ್ ಅಂತಾರೆ. ನೆರಳು ತೀರಾ ಗಟ್ಟಿಯಾದರೆ ಆ ಕಡೆ ಬಿಳಿ ಪಂಚೆ ಹಿಡಿದು ನಿಲ್ಲಲು ಅತ್ತೆಗೆ ಹೇಳು. ಬಿಸಿಲು ನೇರ ಒಳಗೆ ಬೀಳುವ ಹೊತ್ತು ಬಿಟ್ಟುಬಿಡು.

ನೇಕಾರರು ಕಾಲು ಗುಂಡಿಗಿಳಿಸಿ ನೆಲದ ಮಟ್ಟಕ್ಕೆ ಕೂತಿರುತ್ತಾರೆ. ನೀನು ನಿಂತು ತೆಗೆದರೆ ನೆತ್ತಿ ಬರುತ್ತದೆ, ಮಾಮಾ ಬರುವುದಿಲ್ಲ. ನೀನೂ ನೆಲಕ್ಕೆ ಕೂತುಬಿಡು.

50 ಎಂಎಂಗೆ ಆ ಕೋಣೆಯಲ್ಲಿ ಮುಖ ಮಾತ್ರ ಸಿಗುತ್ತದೆ. ನಾನಾದರೆ 18-55 ಹಾಕಿ, 30ರ ಆಸುಪಾಸಿನಲ್ಲಿ ಇಟ್ಟು, ಮಗ್ಗದ ಆ ತುದಿಯಿಂದ ತೆಗೆಯುತ್ತೇನೆ. ಹಾಸಿನ ಎಳೆಗಳೆಲ್ಲ, ಅಂದರೆ ಮಗ್ಗದ ಉದ್ದಕ್ಕೂ ಬಿಗಿದ ನೂಲು, ಸೀದಾ ಅವರ ಕೈಗೆ ಹೋಗಿ ನಿಲ್ಲುತ್ತವೆ. ಮನುಷ್ಯ ಚಿಕ್ಕದಾಗಿ ಕಂಡರೆ ಹೆದರಬೇಡ. 1946ರಲ್ಲಿ ಆರ್ನಲ್ಡ್ ನ್ಯೂಮನ್ ಸಂಗೀತಗಾರ ಸ್ಟ್ರಾವಿನ್‌ಸ್ಕಿಯ ಫೋಟೋ ತೆಗೆದ. ಮನುಷ್ಯ ಕೆಳಗೆ ಮೂಲೆಯಲ್ಲಿ ಇಷ್ಟೇ ಇಷ್ಟು, ಉಳಿದದ್ದೆಲ್ಲ ಪಿಯಾನೋದ ಎತ್ತಿದ ಮುಚ್ಚಳ. ತೆಗೆಸಿದ ಪತ್ರಿಕೆಯೇ ಬೇಡ ಅಂದಿತು. ಈಗ ನ್ಯೂಮನ್ ಅಂದರೆ ಎಲ್ಲರಿಗೂ ಅದೇ ನೆನಪು.

ಒತ್ತುವ ಹೊತ್ತು ಯಾವುದು? ಲಾಳಿ ಓಡುವಾಗ ಅಲ್ಲ. ಎಳೆ ಹರಿದಾಗ. ಆಗ ಕೈ ನಿಲ್ಲುತ್ತದೆ, ತಲೆ ಬಗ್ಗುತ್ತದೆ, ಗಂಟು ಹಾಕಿ ಮುಖ ಎತ್ತುತ್ತಾರೆ. ಆ ಮುಖಕ್ಕೆ ಕ್ಯಾಮೆರಾದ ನೆನಪಿರುವುದಿಲ್ಲ. ಶಟರ್ 1/125 ಸೆಕೆಂಡ್ ಇರಲಿ, ಐಎಸ್‌ಒ (ಬೆಳಕು ಹಿಡಿಯುವ ಶಕ್ತಿ) ಏರಿದರೆ ಏರಲಿ.

ಮೈಸೂರ್_ಲೆನ್ಸ್:
ಮೊಬೈಲ್‌ನಲ್ಲಿ ತೆಗೆಯುವುದಾದರೆ ಪೋರ್ಟ್ರೇಟ್ ಮೋಡ್ ಹಾಕಬೇಡಿ. ಮಗ್ಗದ ಎಳೆಗಳನ್ನು ಅರ್ಧರ್ಧ ಮಸುಕು ಮಾಡಿ ಕೆಡಿಸುತ್ತದೆ.

ಇನ್ನೊಂದು ಉಪಾಯ. 1941ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಫೋಟೋಗ್ರಾಫರ್ ಯೂಸುಫ್ ಕಾರ್ಷ್ ಮಾಡಿದ ಹಾಗೆ ಮಾಡಿ. ಚರ್ಚಿಲ್ ಬಾಯಿಂದ ಸಿಗಾರ್ ಕಿತ್ತುಕೊಂಡ, ಆ ಸಿಟ್ಟಿನ ಮುಖ ಲೋಕಪ್ರಸಿದ್ಧ ಆಯಿತು. ನೀವು ಮಾಮಾನ ಲಾಳಿ ಕಸಿದುಕೊಳ್ಳಿ 😄

ಹಳೇ_ರೀಲು:
ಅದರ ಹಿಂದೆಯೇ ಕಾರ್ಷ್ ಇನ್ನೊಂದು ಫೋಟೋ ತೆಗೆದ. ಅದರಲ್ಲಿ ಚರ್ಚಿಲ್ ನಗುತ್ತಿದ್ದಾನೆ. ಅದನ್ನು ಯಾರೂ ಗೋಡೆಗೆ ಹಾಕಲಿಲ್ಲ. ಯುದ್ಧದ ಹೊತ್ತಿಗೆ ಜನಕ್ಕೆ ಸಿಟ್ಟಿನ ಮುಖ ಬೇಕಿತ್ತು. ಇವರ ಹಾಲ್‌ಗೆ ಯಾಕ್ರೀ ಸಿಟ್ಟು? ಕೆಣಕಿ ತೆಗೆದದ್ದು ಕೆಣಕಿದವನ ಆಟ. ನನಗಂತೂ ಸೇರುವುದಿಲ್ಲ.

ಗುಳೇದಗುಡ್ಡ_ಅಕ್ಕ:
ಎಲ್ಲರೂ ಬೆಳಕು, ಲೆನ್ಸ್ ಅಂತಿದ್ದೀರಿ. ಮಾಮಾನ್ನ ಯಾರಾದರೂ ಕೇಳಿದಿರಾ? ನಮ್ಮಪ್ಪನೂ ನೇಕಾರರೇ. ಖಣ ನೇಯುತ್ತಿದ್ದರು. ಕ್ಯಾಮೆರಾ ಹಿಡಿದು ಬಂದವರೆಲ್ಲ ಬನಿಯನ್‌ನಲ್ಲಿ, ಮಗ್ಗದಲ್ಲೇ ತೆಗೆದರು. ಅಪ್ಪನಿಗೆ ಬೇಕಾಗಿದ್ದದ್ದು ಇಸ್ತ್ರಿ ಅಂಗಿ, ರುಮಾಲು, ಕುರ್ಚಿ. ಸೆಟೆದು ಕೂರುವುದೂ ಒಂದು ಗತ್ತೇ ಅಲ್ವಾ? ನೀವು ಅದನ್ನು ಸುಮ್ನೆ ತಪ್ಪು ಅಂತ ಯಾಕೆ ತಿಳಿಯಬೇಕು?

ಹಳೇ_ರೀಲು:
ಅಕ್ಕಾ, ಈ ಮಾತಿಗೆ ನಾನು ಎದುರಾಡುವುದಿಲ್ಲ. ತಮ್ಮಾ, ಮೊದಲು ಕೇಳು.

ಇಳಕಲ್_ಹುಡುಗ:
ಕೇಳಿದೆ. "ನನ್ನ ಮಾರಿ ಏನ್ ನೋಡ್ತಾರೋ, ಸೆರಗು ಕಾಣಬೇಕು" ಅಂದರು! ಮಗ್ಗದ ಹತ್ತಿರವೇ, ಆದರೆ ಬಿಳಿ ಅಂಗಿ ಹಾಕಿಕೊಂಡು, ತಾವೇ ನೇಯ್ದ ಸೀರೆಯ ಟೋಪ್ ತೆನಿ ಸೆರಗನ್ನು (ಇಳಕಲ್ ಸೀರೆಯ ಕೆಂಪು ರೇಷ್ಮೆ ಸೆರಗು) ತೊಡೆಯ ಮೇಲೆ ಹರಡಿಕೊಂಡು ಕೂರುತ್ತಾರಂತೆ. ಈಗ ಬೆಳಕಿನ ಲೆಕ್ಕ ಬದಲಾಗುತ್ತಾ?

ಹಳೇ_ರೀಲು:
ಆಗುತ್ತದೆ. ಕೆಂಪು ರೇಷ್ಮೆ ಬೆಳಕನ್ನು ಮೇಲಕ್ಕೆ ಎಸೆಯುತ್ತದೆ. ಎದೆಯ ಹತ್ತಿರ ಎತ್ತಿ ಹಿಡಿದರೆ ಗದ್ದವೆಲ್ಲ ಕೆಂಪಾಗುತ್ತದೆ. ಮೊಣಕಾಲಿನ ಮೇಲೆ ಇರಲಿ, ಬಾಗಿಲ ಬೆಳಕು ಅಡ್ಡಡ್ಡ ಬೀಳಲಿ, ಸೆರಗಿನ ನೇಯ್ಗೆ ಎದ್ದು ಕಾಣುತ್ತದೆ. ಬಿಳಿ ಅಂಗಿ ಸುಟ್ಟುಹೋಗದ ಹಾಗೆ ಎಕ್ಸ್‌ಪೋಷರ್, ಅಂದರೆ ಒಳಗೆ ಬಿಡುವ ಬೆಳಕು, ಅರ್ಧ ಸ್ಟಾಪ್ ಇಳಿಸು. ಮತ್ತೆ, ಫೋಟೋ ತೆಗೆಯುವಾಗ ಆ ಸೆರಗಿನ ಬಗ್ಗೆಯೇ ಕೇಳುತ್ತಿರು. ಸೀರೆಯ ಮೈಯ ಎಳೆಗೆ ಸೆರಗಿನ ಎಳೆ ಜೋಡಿಸುವ ಕೊಂಡಿ ಹೇಗೆ ಹಾಕುತ್ತೀರಿ ಅಂತ ಕೇಳು. ಇಳಕಲ್ ನೇಕಾರ ಆ ಪ್ರಶ್ನೆಗೆ ಸೆಟೆದು ಕೂತು ಉತ್ತರ ಕೊಟ್ಟದ್ದನ್ನು ನಾನು ನೋಡಿಲ್ಲ.