ಸಕ್ಯುಬಸ್‌ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಒಂದು ಪದ ಬೇಕಾಗಿದೆ. ಅಮೆರಿಕದ ಮಾರ್ವೆಲ್‌ನವರ ಹಳೇ ಕಪ್ಪುಬಿಳುಪು ಹಾರರ್ ಕಾಮಿಕ್ಸ್ ಪತ್ರಿಕೆಗಳ ಬಗ್ಗೆ ಬರೆಯುತ್ತಿದ್ದೇನೆ. ಅವುಗಳಲ್ಲಿ ‘ದಿ ಹಾಂಟ್ ಆಫ್ ಹಾರರ್’ 1974ರ ಮೇನಲ್ಲಿ ಶುರುವಾಗಿ 1975ರ ಜನವರಿಗೆ ನಿಂತುಹೋಯಿತು. ಬಂದದ್ದು ಐದೇ ಸಂಚಿಕೆ. ಅದರಲ್ಲಿ ಸಟಾನಾ ಎಂಬ ನಾಯಕಿಯ ಕಥೆಗಳಿವೆ. ಸೈತಾನನ ಮಗಳು. ಬರಹಗಾರ ರಾಯ್ ಥಾಮಸ್ ಮತ್ತು ಚಿತ್ರಕಾರ ಜಾನ್ ರೊಮಿಟಾ 1973ರಲ್ಲಿ ‘ವ್ಯಾಂಪೈರ್ ಟೇಲ್ಸ್’ ಪತ್ರಿಕೆಗೆ ಹುಟ್ಟುಹಾಕಿದ ಪಾತ್ರ. ಮುತ್ತು ಕೊಟ್ಟು ಗಂಡಸರ ಆತ್ಮ ಹೀರುತ್ತಾಳೆ. ಆ ಆತ್ಮ ಚಿಟ್ಟೆಯಾಗಿ ಹೊರಬರುತ್ತದೆ. ಇಂಗ್ಲಿಷಿನಲ್ಲಿ ಇಂಥವಳು ಸಕ್ಯುಬಸ್.

ಮೋಹಿನಿ ಅಂದರೆ ಆಯ್ತಲ್ವಾ ಅಂತ ನೀವು ಕೇಳಬಹುದು. ಮರುಳು ಮಾಡುವುದೇನೋ ಸರಿ. ಆದರೆ ನಮ್ಮ ಊರುಕಡೆಯ ಮೋಹಿನಿ ಸತ್ತ ಹೆಂಗಸಿನ ದೆವ್ವ. ಬಿಳಿ ಸೀರೆ, ಬಿಚ್ಚಿದ ಕೂದಲು. ಸಟಾನಾ ಸತ್ತು ದೆವ್ವವಾದವಳಲ್ಲ, ಹುಟ್ಟಾ ಹಾಗೆ. ರಕ್ತಪಿಶಾಚಿ ಎನ್ನೋಣವೆಂದರೆ ಅವಳಿಗೆ ಬೇಕಾದದ್ದು ರಕ್ತವಲ್ಲ. ಯಕ್ಷಿ ಮಲಯಾಳಿಗಳಿಗೆ ಹೊಂದೀತು. ಹೊಂಬುಜದ ಜೈನ ಯಕ್ಷಿ ಪದ್ಮಾವತಿಯನ್ನು ಪೂಜಿಸುವ ನಾಡಿನಲ್ಲಿ ಆ ಪದ ಬೇಡವೇ ಬೇಡ. ಡಾಕಿನಿ ಸ್ವಲ್ಪ ಹತ್ತಿರ. ಆದರೆ ‘ಶಾಕಿನಿ ಡಾಕಿನಿ’ ಅಂತ ಜೋಡಿಯಾಗಿ ಕೇಳಿದವರಿಗೆ ಬೈಗುಳದ ಹಾಗೆ ಕೇಳಿಸುತ್ತದೆ.

ಹೊಸದಾಗಿ ಕಟ್ಟೋಣ ಅಂತ ‘ಉಸಿರುಗಳ್ಳಿ’ ಬರೆದು ನೋಡಿದೆ. ಕೂಡಲೇ ಮೈಗಳ್ಳಿ ನೆನಪಾದಳು. ಅವಳು ಮೈ ಕದಿಯುವವಳಲ್ಲ, ಮೈ ಬಗ್ಗಿಸದವಳು. ಆ ಲೆಕ್ಕದಲ್ಲಿ ಉಸಿರುಗಳ್ಳಿ ಎಂದರೆ ಉಸಿರಾಡಲು ಸೋಮಾರಿ!

ಹೆಸರಿನದೂ ತಕರಾರು. ಇಂಗ್ಲಿಷಿನಲ್ಲಿ ಅಪ್ಪನ ಹೆಸರು Satan. ಅದರ ಕೊನೆಗೆ ಒಂದು ‘ಅ’ ಸೇರಿಸಿ ಅಲ್ಲಿ ಹೆಣ್ಣು ಮಾಡಿದ್ದಾರೆ. ನಮ್ಮಲ್ಲಿ ‘ಸಟಾನ’ ಎಂದು ಬರೆದರೆ ಸೋಮ, ಭೀಮರ ಸಾಲಿಗೆ ಹೋಗುತ್ತಾನೆ. ಅದಕ್ಕೇ ದೀರ್ಘ ಇಟ್ಟಿದ್ದೇನೆ. ‘ಸೈತಾನಿ’ ಚೆನ್ನಾಗಿದೆ, ಆದರೆ ಅದು ಹೆಸರಿಗಿಂತ ಬುದ್ಧಿಗೆ ಹೇಳುವ ಮಾತಿನಂತಿದೆ.

ಸುಮ್ನೆ ಒಂದು ತಮಾಷೆ ಹೇಳಿಬಿಡುತ್ತೇನೆ. ಅಮೆರಿಕದ ಬಣ್ಣದ ಕಾಮಿಕ್ಸ್‌ಗಳಿಗೆ 1954ರಿಂದ ಕಾಮಿಕ್ಸ್ ಕೋಡ್ ಎಂಬ ಕಟ್ಟುಪಾಡಿತ್ತು. ರಕ್ತಪಿಶಾಚಿ, ಜಾಂಬಿ (ಎದ್ದು ಓಡಾಡುವ ಹೆಣ) ಯಾವುದನ್ನೂ ತೋರಿಸುವಂತಿರಲಿಲ್ಲ. 1971ರಲ್ಲಿ ರಕ್ತಪಿಶಾಚಿಗಳಿಗೆ ಬಿಡುಗಡೆ ಸಿಕ್ಕಿತು, ಜಾಂಬಿಗಳಿಗೆ ಸಿಗಲಿಲ್ಲ. ಮಾರ್ವೆಲ್‌ನವರು ಹಳೇ ಕಥೆಯೊಂದರಿಂದ ‘ಜುವೆಂಬಿ’ ಅನ್ನುವ ಪದ ಎತ್ತಿಕೊಂಡು ಕೆಲಸ ಸಾಗಿಸಿದರು. ಕಪ್ಪುಬಿಳುಪು ಪತ್ರಿಕೆಗಳಿಗೆ ಕೋಡ್ ತಾಗುತ್ತಿರಲಿಲ್ಲ, ಅಲ್ಲಿ ಜಾಂಬಿ ಜಾಂಬಿಯೇ. ಸಟಾನಾಳಂಥವಳಿಗೆ ಜಾಗ ಸಿಕ್ಕಿದ್ದೂ ಅಲ್ಲೇ.

ಸದ್ಯಕ್ಕೆ ‘ಜೀವಹೀರುಕಿ’ ಅಂತ ಇಟ್ಟುಕೊಂಡಿದ್ದೇನೆ. ಓದಲು ತೊಡರುತ್ತದೆಯೇ? ಮನುಷ್ಯಳಾಗಿ ಹುಟ್ಟದೆಯೇ ಗಂಡಸರ ಜೀವ ತೆಗೆಯುವ ಹೆಣ್ಣಿಗೆ ನಿಮ್ಮ ಕಡೆ, ಮುಖ್ಯವಾಗಿ ಉತ್ತರ ಕರ್ನಾಟಕದಲ್ಲಿ, ಬೇರೆ ಹೆಸರಿದ್ದರೆ ತಿಳಿಸಿ.