ಆರ್‌ಸಿ ಇಲ್ಲದ ಕಾರು, ನೋಟರಿ ಕಾಗದ: ಮನೆಯವರ ಗುಂಪಿನಲ್ಲಿ ಚರ್ಚೆ

ಸುಬ್ಬಣ್ಣ: (ಫಾರ್ವರ್ಡ್) ಹಳೇ ಕಾರು ಕೊಂಡಿದ್ದೀರಾ? ಆರ್‌ಸಿ (ನೋಂದಣಿ ಪತ್ರ) ಕಳೆದುಹೋಗಿದೆಯಾ? ಚಿಂತೆ ಬಿಡಿ. ಸ್ಟಾಂಪ್ ಪೇಪರ್ ಮೇಲೆ ಮಾರಾಟದ ಕರಾರು ಬರೆಸಿ ನೋಟರಿ ಮಾಡಿಸಿದರೆ ಗಾಡಿ ನಿಮ್ಮದೇ. ಪೊಲೀಸರು ಕೇಳಿದರೆ ಅದನ್ನೇ ತೋರಿಸಿ. ಎಲ್ಲರಿಗೂ ತಲುಪಿಸಿ.

ಸುಬ್ಬಣ್ಣ: ಕಿರಣಾ, ನಿನ್ನ ಕಾರಿಗೇ ಸರಿಹೋಗುತ್ತೆ ನೋಡು. ನಾಳೆನೇ ಒಂದು ಕರಾರು ಪತ್ರ ಮಾಡಿಸಿಬಿಡು.

ಮಂಜುನಾಥ: ಮಾವ, ದಯವಿಟ್ಟು ಅದನ್ನ ಬೇರೆ ಗುಂಪಿಗೆ ಕಳಿಸಬೇಡಿ. ನೋಟರಿ ಕಾಗದದಿಂದ ಆರ್‌ಟಿಒ ದಾಖಲೆಯಲ್ಲಿ ಒಂದಕ್ಷರ ಬದಲಾಗಲ್ಲ.

ಸುಬ್ಬಣ್ಣ: ದುಡ್ಡು ಕೊಟ್ಟಿದ್ದಾನೆ, ಗಾಡಿ ಮನೆ ಮುಂದೆ ನಿಂತಿದೆ. ಇನ್ನೂ ಅವನದಲ್ಲ ಅಂದ್ರೆ ಹೇಗೆ ಅಳಿಯಂದ್ರೇ?

ವಿನಯ್: ಅಪ್ಪ ಹೇಳೋದರಲ್ಲಿ ಅರ್ಧ ಸರಿ ಇದೆ. ಕಾರು ಚರಾಸ್ತಿ. 1930ರ ಸರಕು ಮಾರಾಟ ಕಾಯ್ದೆ ಪ್ರಕಾರ ಕೊಟ್ಟವರು, ಕೊಂಡವರ ಮಧ್ಯೆ ಆ ಕರಾರಿಗೆ ಬೆಲೆ ಇದೆ. ನಾಳೆ ದುಡ್ಡಿನ ತಕರಾರು ಬಂದ್ರೆ ಅದೇ ಸಾಕ್ಷಿ. ಆದರೆ ಅಪಘಾತ ಆದಾಗ ನೋಡೋದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(30). ಅದರಲ್ಲಿ ಯಾರ ಹೆಸರಲ್ಲಿ ನೋಂದಣಿ ಇದೆಯೋ ಅವರೇ ಮಾಲೀಕರು. 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೇ. ಕಾರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹಲವು ಸಲ ಮಾರಾಟ ಆಗಿತ್ತು, ಆದ್ರೂ ಪರಿಹಾರದ ಹೊಣೆ ಬಿದ್ದಿದ್ದು ದಾಖಲೆಯಲ್ಲಿದ್ದ ಮೊದಲನೆಯವರ ಮೇಲೆ.

ಸುಬ್ಬಣ್ಣ: ಹಾಗಾದ್ರೆ ಹೆದರಬೇಕಾದವನು ಮಾರಿದವನು. ಇವನಿಗೇನು ತೊಂದರೆ?

ಶೈಲಾ: ಇನ್ಶೂರೆನ್ಸಿನ ತೊಂದರೆ ಇದೆಯಲ್ಲ ಅಪ್ಪ. ಗಾಡಿ ವರ್ಗ ಆದಾಗ ಸೆಕ್ಷನ್ 157ರಲ್ಲಿ ತಾನಾಗೇ ಕೊಂಡವರಿಗೆ ಬರೋದು ಥರ್ಡ್ ಪಾರ್ಟಿ ರಕ್ಷಣೆ ಮಾತ್ರ, ಅಂದ್ರೆ ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ. ನಮ್ಮ ಗಾಡಿಗಾದ ಹಾನಿ, ಕಳ್ಳತನ ಇವಕ್ಕೆ ಪಾಲಿಸಿ ನಮ್ಮ ಹೆಸರಿಗೆ ಬರಲೇಬೇಕು. ಅದಕ್ಕೆ 14 ದಿನದೊಳಗೆ ಕಂಪನಿಗೆ ಅರ್ಜಿ ಹಾಕಬೇಕು. ಕ್ಲೇಮ್ ಮಾಡದ್ದಕ್ಕೆ ಮಾರಿದವರಿಗೆ ಸಿಕ್ಕ ರಿಯಾಯಿತಿ, ಅಂದ್ರೆ ನೋ ಕ್ಲೇಮ್ ಬೋನಸ್, ನಮಗೆ ಬರಲ್ಲ, ಆ ವ್ಯತ್ಯಾಸದ ದುಡ್ಡು ನಾವೇ ಕಟ್ಟಬೇಕು. ಇದ್ಯಾವುದೂ ಮಾಡದೆ ಓಡಿಸಿ ಗಾಡಿ ಕಳುವಾದ್ರೆ ಕಂಪನಿ ಮೊದಲು ಕೇಳೋ ಪ್ರಶ್ನೆನೇ ‘ನೀವು ಯಾರು?’ ಅಂತ.

ಕಿರಣ: ಮಾರಿದವರು ಆರ್‌ಸಿ ಕಾರ್ಡ್ ಎಲ್ಲೋ ಬಿದ್ದುಹೋಗಿದೆ ಅಂತಾರೆ ಭಾವ. ನಕಲು ಕಾರ್ಡ್‌ಗೆ ನಾನೇ ಅರ್ಜಿ ಹಾಕಬಹುದಾ?

ಮಂಜುನಾಥ: ಆಗಲ್ಲ. ನಕಲು ಆರ್‌ಸಿಗೆ ಫಾರಂ 26, ಅದಕ್ಕೆ ಸಹಿ ನೋಂದಾಯಿತ ಮಾಲೀಕರದ್ದೇ ಆಗಬೇಕು. ಜತೆಗೆ ಪೊಲೀಸರಿಗೆ ಕಳೆದುಹೋದ ವರದಿ. ನಮ್ಮಲ್ಲಿ ಪೊಲೀಸರ ಇ-ಲಾಸ್ಟ್‌ನಲ್ಲಿ ಆನ್‌ಲೈನ್‌ನಲ್ಲೇ ಕೊಡಬಹುದು, ಅದೂ ಮಾಲೀಕರ ಹೆಸರಲ್ಲೇ. ಕಳೆದಾಗ ಯಾವ ಕಚೇರಿಯ ದಾಖಲೆಯಲ್ಲಿ ಗಾಡಿ ಇತ್ತೋ ಅಲ್ಲಿಗೇ ಅರ್ಜಿ. ನಿನ್ನದು ಕೆಎ-13 ಅಂದ್ರೆ ಹಾಸನ. ಸರ್ಕಾರದ ವಾಹನ ಸೇವೆಗಳ ಪರಿವಾಹನ್ ಸೈಟಿನಲ್ಲಿ ಗಾಡಿ ನಂಬರ್, ಚಾಸಿಸ್ ನಂಬರಿನ ಕೊನೆಯ 5 ಅಂಕಿ ಹಾಕಿದ್ರೆ ಒಟಿಪಿ ಹೋಗೋದು ದಾಖಲೆಯಲ್ಲಿರೋ ಮೊಬೈಲಿಗೆ, ನಿನ್ನದಕ್ಕಲ್ಲ. ಶುಲ್ಕ ದೊಡ್ಡದಲ್ಲ. ಕಾರಿನ ನೋಂದಣಿ ಶುಲ್ಕ 600, ನಕಲಿಗೆ ಅದರ ಅರ್ಧ, ಹೆಸರು ವರ್ಗಾವಣೆಗೂ ಅರ್ಧ, ಕಾರ್ಡಿಗೆ ಬೇರೆ.

ಮಂಜುನಾಥ: ಅದಕ್ಕೂ ಮುಂಚೆ ‘ಕಳೆದಿದೆ’ ಅನ್ನೋದನ್ನ ಹಾಗೇ ನಂಬಬೇಡ. ಕಾರ್ಡ್ ನಿಜಕ್ಕೂ ಕಳೆದಿರಬಹುದು. ಯಾವುದೋ ಕೇಸಲ್ಲಿ ಪೊಲೀಸರೋ ಕೋರ್ಟೋ ತಗೊಂಡಿರಬಹುದು. ನಮ್ಮೂರುಗಳ ಕಡೆ ಹೆಚ್ಚಾಗಿ ಆಗೋದು ಇನ್ನೊಂದು. ಕೈಸಾಲ ಕೊಡೋ ಖಾಸಗಿ ಫೈನಾನ್ಸಿನವರು ಕಾರ್ಡನ್ನೂ ಸಹಿ ಮಾಡಿದ ಖಾಲಿ ಫಾರಂಗಳನ್ನೂ ಅಡ ಇಟ್ಕೊಂಡಿರ್ತಾರೆ. ಆ ಅಡಮಾನ ಸರ್ಕಾರಿ ದಾಖಲೆಯಲ್ಲಿ ಎಲ್ಲೂ ಕಾಣಲ್ಲ. ಮಾರಿದವರು ನಕಲು ಕಾರ್ಡ್ ಮಾಡಿಸಿಕೊಟ್ಟ ಮೇಲೆ ಆ ಫೈನಾನ್ಸಿನವರು ಮೂಲ ಕಾರ್ಡ್ ಹಿಡ್ಕೊಂಡು ಮನೆ ಬಾಗಿಲಿಗೆ ಬರ್ತಾರೆ. ಅದಕ್ಕೇ ಗಾಡಿ ಮೇಲೆ ಯಾವ ಖಾಸಗಿ ಸಾಲವೂ ಇಲ್ಲ ಅಂತ ಕರಾರಿನಲ್ಲಿ ಬರೆಸಿಕೋ. ಮಾವ, ನೋಟರಿ ಕಾಗದ ನಿಜವಾಗಿ ಉಪಯೋಗಕ್ಕೆ ಬರೋದು ಇಂಥದಕ್ಕೆ.

ಕಿರಣ: ಪರಿವಾಹನ್‌ನಲ್ಲಿ ನೋಡಿದೆ. ಮಾಲೀಕರ ಹೆಸರು ಅರ್ಧ ಮುಚ್ಚಿ ತೋರಿಸ್ತಿದೆ, ಆದ್ರೆ ಮೊದಲ ಅಕ್ಷರನೇ ಹೊಂದ್ತಿಲ್ಲ. ಕೇಳಿದ್ರೆ ಗಾಡಿ ಅವರ ಅಪ್ಪನ ಹೆಸರಲ್ಲಿತ್ತಂತೆ, ಅವರು ಹೋದ ವರ್ಷ ತೀರಿಕೊಂಡ್ರಂತೆ. ಹೈಪಾಥಿಕೇಶನ್ (ಸಾಲಕ್ಕೆ ಗಾಡಿ ಅಡ ಇರೋದರ ನಮೂದು) ಇರೋ ಕಡೆ ವಿಜಯಾ ಬ್ಯಾಂಕ್ ಅಂತಿದೆ.

ಮಂಜುನಾಥ: ಇದು ಬೇರೆನೇ ದಾರಿ. ಗಾಡಿ ಓಡಿಸಬೇಡ, ನಿಲ್ಲಿಸು.

ಸುಬ್ಬಣ್ಣ: ಅಪ್ಪ ಹೋದ್ರೆ ಮಗನೇ ವಾರಸುದಾರ. ಅವನೇ ಸಹಿ ಹಾಕಿದ್ರೆ ಆಯ್ತಲ್ಲ?

ಕಿರಣ: ಅಪ್ಪನೇ ಬದುಕಿದ್ದಾಗ ಸಹಿ ಮಾಡಿಟ್ಟ ಹೆಸರು ವರ್ಗಾವಣೆಯ ಫಾರಂ 29, 30 ಇದೆಯಂತೆ ದೊಡ್ಡಪ್ಪ. ತಾರೀಖು ಖಾಲಿ ಇದೆ. ಹಾಕಿಕೊಂಡು ಕೊಡಿ ಅಂತಾರೆ.

ಸುಬ್ಬಣ್ಣ: ಮತ್ತೆ? ಕೆಲಸ ಸುಲಭ ಆಯ್ತು.

ವಿನಯ್: ಇಲ್ಲ ಅಪ್ಪ. ದಯವಿಟ್ಟು ಇದಕ್ಕೆ ಹೂಂ ಅನ್ನಬೇಡಿ. ಫಾರಂ 29 ‘ನಾನು ಇಂಥ ದಿನ ಗಾಡಿ ಮಾರಿದೆ’ ಅನ್ನೋ ಹೇಳಿಕೆ. ಸತ್ತ ಮೇಲಿನ ದಿನಾಂಕ ಹಾಕಿದ್ರೂ ಸುಳ್ಳು, ಹಿಂದಿನ ದಿನಾಂಕ ಹಾಕಿದ್ರೂ ಸುಳ್ಳು. ಕಿರಣ ಕೈಯಾರೆ ತಾರೀಖು ಬರೆದ್ರೆ ದಾಖಲೆ ತಿದ್ದಿದ ಆರೋಪ ಅವನ ಮೇಲೂ ಬರುತ್ತೆ. ಮಗ ಒಬ್ಬನೇ ವಾರಸುದಾರ ಅಂತಲೂ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿಗೂ ಹೆಣ್ಣುಮಕ್ಕಳಿಗೂ ಮಗನಷ್ಟೇ ಪಾಲು. ತಾಯಿಯೂ ತಂಗಿಯೂ ಒಪ್ಪದೆ ಮಾರಿದ ಗಾಡಿಯನ್ನ ನಾಳೆ ಅವರು ಪ್ರಶ್ನಿಸಬಹುದು.

ಸುಬ್ಬಣ್ಣ: ಎಷ್ಟೋ ಜನ ಹಾಗೇ ಮಾಡಿಸ್ಕೋತಾರೆ.

ಮಂಜುನಾಥ: ಮಾಡಿಸ್ತಾರೆ ಮಾವ, ನಿಜ. ಮರಣದ ವಿಷಯ ಗೊತ್ತಾದ ದಿನ ಆ ವರ್ಗಾವಣೆಯನ್ನೇ ಪ್ರಶ್ನಿಸ್ತಾರೆ, ಅಷ್ಟರಲ್ಲಿ ಮಾರಿದವನ ಕೈಯಲ್ಲಿ ದುಡ್ಡು ಇರಲ್ಲ. ಸರಿಯಾದ ದಾರಿ ಸೆಕ್ಷನ್ 50(2)ರಲ್ಲಿದೆ. ಮಾಲೀಕರು ತೀರಿಕೊಂಡ್ರೆ ಗಾಡಿ ಯಾರ ವಶಕ್ಕೆ ಬಂತೋ ಅವರು 30 ದಿನದೊಳಗೆ ಕಚೇರಿಗೆ ತಿಳಿಸಬೇಕು, 3 ತಿಂಗಳೊಳಗೆ ಫಾರಂ 31ರಲ್ಲಿ ತಮ್ಮ ಹೆಸರಿಗೆ ಮಾಡಿಸಿಕೋಬೇಕು. ಇವರಿಗೆ ಆ ಅವಧಿ ಮುಗಿದಿದೆ, ತಡವಾಗಿದ್ದಕ್ಕೆ ಕಾರಣ ಬರೆದು ಕೊಡಬೇಕಾಗುತ್ತೆ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್, ಚಾಲ್ತಿಯಲ್ಲಿರೋ ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ. ಕಾರ್ಡ್ ಇಲ್ಲದ್ದಕ್ಕೆ ಪೊಲೀಸ್ ವರದಿ, ಫಾರಂ 26 ಎರಡನ್ನೂ ಈ ಅರ್ಜಿ ಜತೆಗೇ ಮಗನ ಕೈಯಿಂದ ಹಾಕಿಸು. ಆನ್‌ಲೈನ್‌ಗೆ ಕಾಯಬೇಡಿ, ಒಟಿಪಿ ತೀರಿಕೊಂಡವರ ನಂಬರಿಗೇ ಹೋಗುತ್ತೆ. ಹಾಸನದ ಕಚೇರಿಗೆ ನೇರವಾಗಿ ಹೋಗಬೇಕು. ಗಾಡಿ ಮಗನ ಹೆಸರಿಗೆ ಬಂದ ಮೇಲೆ ಅವನು 29, 30ಕ್ಕೆ ಸಹಿ ಹಾಕಲಿ, ಆಮೇಲೆ ನಿನ್ನ ಹೆಸರು.

ಶೈಲಾ: ಇನ್ಶೂರೆನ್ಸ್ ವಿಷಯದಲ್ಲೂ ಒಂದು ಷರತ್ತಿದೆ. ಪಾಲಿಸಿ ಒಬ್ಬರ ಹೆಸರಲ್ಲಿದ್ದು ಅವರು ತೀರಿಕೊಂಡ್ರೆ ಅದು 3 ತಿಂಗಳು ಅಥವಾ ಅವಧಿ ಮುಗಿಯೋವರೆಗೆ, ಯಾವುದು ಮೊದಲೋ ಅಲ್ಲಿವರೆಗೆ ಮಾತ್ರ ನಡೆಯುತ್ತೆ. ಅಷ್ಟರೊಳಗೆ ವಾರಸುದಾರರು ಹೆಸರು ಬದಲಾಯಿಸಿಕೋಬೇಕು. ಮಗ ಅಪ್ಪನ ಹೆಸರಲ್ಲೇ ನವೀಕರಣ ಮಾಡಿಸಿದ್ರೆ ಪ್ರೀಮಿಯಂ ರಸೀದಿ ಇರುತ್ತೆ, ಕ್ಲೇಮ್ ಹಾಕಿದ ದಿನ ಏನೂ ಸಿಗಲ್ಲ. ಪಾಲಿಸಿ ಶುರುವಾದ ದಿನಾಂಕವನ್ನೂ ಮರಣದ ದಿನಾಂಕವನ್ನೂ ಪಕ್ಕಪಕ್ಕ ಇಟ್ಟು ನೋಡು ಕಿರಣ.

ಕಿರಣ: ವಿಜಯಾ ಬ್ಯಾಂಕ್ ಈಗ ಇಲ್ಲವಲ್ಲ ರೇಖಾ ಅತ್ತೆ, ಸಾಲ ತೀರಿದೆಯೋ ಇಲ್ಲವೋ ಯಾರನ್ನ ಕೇಳೋದು?

ರೇಖಾ: 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನ ಆಯ್ತು, ಅಲ್ಲೇ ಕೇಳಬೇಕು. ಹಳೇ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಸಿಂಡಿಕೇಟ್, ಕಾರ್ಪೊರೇಶನ್ ಸಾಲ ಇದ್ದ ಗಾಡಿಗಳದ್ದೂ ಇದೇ ಪಾಡು. ಹಳೇ ಸಾಲದ ಖಾತೆ ನಂಬರ್ ಸಿಕ್ಕಿದ್ರೆ ಒಳ್ಳೇದು, ಇಲ್ಲ ಅಂದ್ರೆ ಗಾಡಿ ನಂಬರ್, ಮರಣ ಪ್ರಮಾಣಪತ್ರ ಇಟ್ಕೊಂಡು ಮಗನೇ ಹೋಗಬೇಕು. ಬೇರೆಯವರಿಗೆ ಖಾತೆ ವಿವರ ಕೊಡಲ್ಲ. ಬಾಕಿ ಇದ್ರೆ ಆ ದುಡ್ಡು ಮಗನ ಕೈಗೆ ಕೊಡಬೇಡ ಕಿರಣ, ನೇರ ಸಾಲದ ಖಾತೆಗೆ ಕಟ್ಟಿ ರಸೀದಿ ತಗೋ.

ರೇಖಾ: ಒಂದೇ ಸಲ ಹೋದಾಗ ಮೂರು ಕೆಲಸ ಮುಗಿಸ್ಕೊಳ್ಳಿ: ಎನ್‌ಒಸಿ (ಬ್ಯಾಂಕಿನ ತಕರಾರಿಲ್ಲ ಅನ್ನೋ ಪತ್ರ), ಹೈಪಾಥಿಕೇಶನ್ ತೆಗೆಸೋ ಫಾರಂ 35, ಫಾರಂ 26ರ ಮೇಲೆ ಬ್ಯಾಂಕಿನ ಸಹಿ. ಹೈಪಾಥಿಕೇಶನ್ ಇರೋ ಗಾಡಿಗೆ ಬ್ಯಾಂಕಿನ ಸಹಿ ಇಲ್ಲದೆ ನಕಲು ಆರ್‌ಸಿ ಕೊಡಲ್ಲ. ಪತ್ರದಲ್ಲಿ ‘ಹಿಂದಿನ ವಿಜಯಾ ಬ್ಯಾಂಕ್’ ಅಂತ ಬರೆಸಲೇಬೇಕು. ಆರ್‌ಟಿಒ ದಾಖಲೆಯ ಹೆಸರಿಗೂ ಮುದ್ರೆಯ ಹೆಸರಿಗೂ ತಾಳೆ ಆಗದೆ ಅರ್ಜಿ ವಾಪಸ್ ಬರೋದು ಅಲ್ಲೇ.

ಸುಬ್ಬಣ್ಣ: ಇಷ್ಟೆಲ್ಲಾ ಅಲೆಯೋ ಬದಲು ದುಡ್ಡು ವಾಪಸ್ ಕೇಳೋದೇ ವಾಸಿ ಅಲ್ವಾ?

ಮಂಜುನಾಥ: ಅದು ಒಳ್ಳೇ ಮಾತು ಮಾವ. ತಾಯಿ, ತಂಗಿ ಸಹಿ ಹಾಕಲ್ಲ ಅಂದ್ರೆ ಅದನ್ನೇ ಮಾಡಬೇಕು. ಕಿರಣ, ಎಷ್ಟು ಕೊಟ್ಟಿದ್ದೀಯ?

ಕಿರಣ: ಮುಕ್ಕಾಲು ಪಾಲು. ಬ್ಯಾಂಕಿಂದಲೇ ಕಳಿಸಿದ್ದು.

ಮಂಜುನಾಥ: ಉಳಿದದ್ದು ನಿನ್ನ ಹೆಸರು ದಾಖಲೆಗೆ ಬರೋವರೆಗೆ ಕೊಡಬೇಡ. ಗಾಡಿ ತಗೊಂಡ ದಿನ, ಹೊತ್ತು, ಓಡೋಮೀಟರ್ ಅಂಕಿ ಬರೆದು ಇಬ್ಬರೂ ಸಹಿ ಹಾಕಿ. ಹಳೇ ಇ-ಚಲನ್ ಯಾರ ತಲೆಗೆ ಅನ್ನೋದು ಅದರಿಂದ ತೀರ್ಮಾನ ಆಗುತ್ತೆ. ಕೇಂದ್ರದ ಅಪರಾಧ ದಾಖಲೆ ಸಂಸ್ಥೆ ಎನ್‌ಸಿಆರ್‌ಬಿಯ ‘ವಾಹನ ಸಮನ್ವಯ’ ಸೇವೆಯಲ್ಲಿ ಗಾಡಿ ಕಳುವಿನ ಪಟ್ಟಿಯಲ್ಲಿದೆಯಾ ನೋಡು. ಚಾಸಿಸ್ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗಿ. ದಾಖಲೆಯಲ್ಲಿರೋ ನಂಬರಿಗೆ ಒಂದಂಕಿ ಹೊಂದದಿದ್ರೂ ಅಲ್ಲಿಗೇ ನಿಲ್ಲಿಸು.

ಕಿರಣ: ಭಾನುವಾರ ಅವರ ತಾಯಿನ ನೋಡೋಕೆ ಹೋಗ್ತಿದ್ದೀನಿ. ವಿನಯಣ್ಣ, ಅಫಿಡವಿಟ್ ಕರಡು ಕಳಿಸ್ತೀಯಾ?

ವಿನಯ್: ರಾತ್ರಿ ಕಳಿಸ್ತೀನಿ. ತಂಗಿದೂ ತಾಯಿದೂ ಬೇರೆಬೇರೆ ಇರಲಿ. ಎರಡರಲ್ಲೂ ಗಾಡಿ ನಂಬರ್ ಜತೆ ಎಂಜಿನ್ ನಂಬರ್, ಚಾಸಿಸ್ ನಂಬರ್ ಪೂರ್ತಿ ಬರಬೇಕು. ಅಚ್ಚು ತೆಗೆದ ತಕ್ಷಣ ಫೋಟೊ ನನಗೊಬ್ಬನಿಗೆ ಕಳಿಸು, ಗುಂಪಿಗೆ ಹಾಕಬೇಡ.